ಪರಊರಿನ ಸಂಗೀತ ಮೇಷ್ಟ್ರಿಗೆ ಸಲ್ಲಬೇಕಾದ ಋಣ

ಸಣ್ಣ ಕಾಲೇಜಿನ ಊರಿಗೆ ಎಲ್ಲಿಂದಲೋ ಬಂದು, ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಸಂಗೀತ ಹೇಳಿಕೊಡುವ ಮೇಷ್ಟ್ರನ್ನು ನಾವು ಏನೆಂದು ಭಾವಿಸಬೇಕು? ಗುರು ಎಂದೋ, ತಿಂಗಳ ಫೀಸಿಗೆ ಪಾಠ ಒಪ್ಪಿಸುವವರು ಎಂದೋ? ಅವರ ಮಾತಿನಲ್ಲಿ ಬೇರೆ ಸೀಮೆಯ ರಾಗ ಇರುತ್ತದೆ, ಅವರ ಮನೆದೇವರು ನಮ್ಮ ಮನೆದೇವರಲ್ಲ, ಎಷ್ಟೋ ಸಲ ಅವರ ಧರ್ಮವೇ ಬೇರೆ. ಆದರೂ ಮಕ್ಕಳನ್ನು ಕಳಿಸುತ್ತೇವೆ. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದರೆ ಹೂವು ಹಣ್ಣು ಇಟ್ಟು ಕಾಲಿಗೆ ಬೀಳಿಸುತ್ತೇವೆ. ಎರಡು ತಿಂಗಳ ಫೀಸು ಬಾಕಿ ಉಳಿದರೆ ಮಾತ್ರ, ಸರಸ್ವತಿಯ ಸೇವೆಗೆ ಲೆಕ್ಕ ಯಾಕೆ ಎನ್ನುತ್ತೇವೆ. ಪಾದಪೂಜೆ ಮತ್ತು ಬಾಕಿ, ಈ ಎರಡೂ ಒಂದೇ ಮನೆಯಲ್ಲಿ ಇರಲು ಸಾಧ್ಯವಾಗಿರುವುದು ಗುರು ಎಂಬುವನ ಬಗ್ಗೆ ನಮ್ಮ ಧಾರ್ಮಿಕ ತಿಳಿವಳಿಕೆಯಲ್ಲೇ ಒಂದು ಗೊಂದಲ ಇರುವುದರಿಂದ. ಗುರುತ್ವ ಹುಟ್ಟಿನಿಂದ, ಪರಂಪರೆಯಿಂದ, ಶ್ರದ್ಧೆಯ ಐಕ್ಯದಿಂದ ಬರುತ್ತದೆ ಎಂದು ನಂಬಿಕೊಂಡಿದ್ದೇವೆ. ನನ್ನ ವಾದ ಬೇರೆ: ಗುರುತ್ವ ಶ್ರಮದಿಂದ ಬರುತ್ತದೆ. ಕಲಿಸಿದ ದುಡಿಮೆಯೇ ಗುರುವನ್ನು ಗುರುವಾಗಿಸುತ್ತದೆ, ಶಿಷ್ಯನ ಋಣವೂ ಆ ದುಡಿಮೆಗೇ ಸಲ್ಲಬೇಕು. ಇದನ್ನು ಹೇಳಲು ಹೊರಗಿನ ಶಾಸ್ತ್ರಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯಲ್ಲೇ ಇದಕ್ಕೆ ಬೇಕಾದ ಸಾಕ್ಷಿ ಇದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಇವುಗಳನ್ನು ಲೋಕಕ್ಕೆ ತಿಳಿಸಿದ್ದು 1892ರಲ್ಲಿ. ಅದಕ್ಕೂ ಮೊದಲೇ ಸುತ್ತಲಿನ ಜನ ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರದ ಗುಂಡು ಎಂದು ಕರೆಯುತ್ತಿದ್ದರು. ಕ್ರಿ.ಪೂ. 3ನೇ ಶತಮಾನದ ಈ ಆಜ್ಞೆ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಮೊದಲ ಭಾಗದಲ್ಲಿ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದೊಡ್ಡ ಸ್ವರ್ಗವನ್ನು ಪಡೆಯಬಹುದು ಎಂಬ ಮಾತಿದೆ. ಎರಡನೆಯ ಭಾಗದಲ್ಲಿ ತಂದೆತಾಯಿಯರ ಸೇವೆ, ಜೀವಿಗಳ ಬಗ್ಗೆ ದೃಢವಾದ ಕಾಳಜಿ, ಸತ್ಯ ನುಡಿಯುವುದು ಇವನ್ನು ಹೇಳಿ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎನ್ನುತ್ತದೆ. ಇದೆಲ್ಲ ಹಳೆಯ ಕಾಲದಿಂದ ಬಂದ ನಡತೆ ಎಂದೂ ಸೇರಿಸುತ್ತದೆ. ಕೊನೆಯ ಸಾಲಿನಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗಿ ಬಂದು, ಅವನ ಕಸುಬನ್ನು ಹೇಳುವ ಒಂದೇ ಒಂದು ಪದ, ಐದೇ ಐದು ಅಕ್ಷರ, ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ತಿರುಗಿ ನಿಲ್ಲುತ್ತದೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್‌ಸೆಹ್ರಾಗಳಲ್ಲಿ ಅಶೋಕನ ಮಾತು ಕೆತ್ತಿಸಿಕೊಂಡದ್ದು ಅದರಲ್ಲೇ. ಸಾವಿರಾರು ಕಿಲೋಮೀಟರು ದೂರದ ಆ ಸೀಮೆಯಲ್ಲಿ ಹುಟ್ಟಿಯೋ ಕಲಿತೋ ಬಂದವನೊಬ್ಬ ಮೊಳಕಾಲ್ಮುರಿನ ಬಿಸಿಲಿನಲ್ಲಿ ಕೂತು, ಗುರುವನ್ನು ಗೌರವಿಸಿ ಎಂದು ಈ ನೆಲದವರಿಗೆ ಬರೆದಿಟ್ಟಿದ್ದಾನೆ. ಈ ಸೀಮೆಯಲ್ಲಿ ಗುರುಗೌರವದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ವಲಸಿಗನ ಕೈಬರಹ.

ಈ ಶಾಸನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗುರುಗೌರವಕ್ಕೆ ಸಿಕ್ಕಿರುವ ಜಾಗ. ಅದು ಯಾವ ಮತದ ಗುರು, ಯಾವ ಕುಲದ ಗುರು, ಯಾವ ದೇವರ ಗುರು ಎಂದು ಬಿಡಿಸಿ ಹೇಳುವುದಿಲ್ಲ. ಸತ್ಯ ನುಡಿಯುವುದರ ಪಕ್ಕದಲ್ಲಿ, ಬಂಧುಗಳೊಡನೆ ನಡೆದುಕೊಳ್ಳುವ ರೀತಿಯ ಪಕ್ಕದಲ್ಲಿ ಅದನ್ನು ಇಡುತ್ತದೆ. ಅಂದರೆ ಗುರುವನ್ನು ಗೌರವಿಸುವುದು ನಡತೆಯ ಸಂಗತಿ, ಶ್ರದ್ಧೆಯ ಸಂಗತಿ ಆಮೇಲಿನದು. ಇಲ್ಲಿಂದ ಬಹು ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನ ಇನ್ನೂ ಬಿಡಿಸುತ್ತದೆ: ಬ್ರಾಹ್ಮಣರ ಜೊತೆಗೆ ಆನೆ ಪಳಗಿಸುವವರು, ಲೆಕ್ಕ ಬರೆಯುವವರು, ರಥ ಹೂಡುವವರು ಇವರೆಲ್ಲ ತಮ್ಮ ತಮ್ಮ ಶಿಷ್ಯರಿಗೆ ಹಳೆಯ ರೂಢಿಯಂತೆ ಕಲಿಸಬೇಕು ಎಂದು ಹೇಳುತ್ತದೆ. ವೇದ ಹೇಳಿಕೊಡುವವನೂ ಆನೆ ಪಳಗಿಸಲು ಹೇಳಿಕೊಡುವವನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಅಶೋಕ ಇಲ್ಲಿ ಸಂಗೀತದ ಮಾತು ಎತ್ತಿಲ್ಲ, ಒಪ್ಪುತ್ತೇನೆ. ಜನ ಸೇರುವ ಸಮಾಜೋತ್ಸವಗಳ ಬಗ್ಗೆ ಅವನಿಗೆ ಅಸಮಾಧಾನವೂ ಇತ್ತು. ಆದರೆ ಕೈಕಸುಬಿನ ಗುರುವಿಗೆ ಸಲ್ಲುವ ಗೌರವ ಕಂಠದ ಕಸುಬಿನ ಗುರುವಿಗೆ ಸಲ್ಲಬಾರದು ಎನ್ನಲು ಯಾವ ಕಾರಣವೂ ಇಲ್ಲ.

ಕನ್ನಡದ ಸಂಗೀತ ಚರಿತ್ರೆಯನ್ನೇ ನೋಡಿ. ಸಿತಾರ್ ವಾದಕ ರಹಿಮತ್ ಖಾನರು ಉತ್ತರದಲ್ಲಿ ಬಂದೇ ಅಲಿ ಖಾನರ ಬಳಿ ಕಲಿತು, ಧಾರವಾಡಕ್ಕೆ ಬಂದು ನೆಲೆಸಿ, 1931ರಲ್ಲಿ ಅಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆರೆದರು. ಆಗಿನ ಧಾರವಾಡ ಮೇಷ್ಟರು, ವಕೀಲರು, ಕಾಲೇಜು ಹುಡುಗರ ಸಣ್ಣ ಊರು. ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಮ್ ಖಾನರು ಮೀರಜಿನಲ್ಲಿ ಮನೆ ಮಾಡಿಕೊಂಡರು. ಅವರ ಬಳಿ ಕಲಿತವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದರು. ಮಲ್ಲಿಕಾರ್ಜುನ ಮನಸೂರರು ಮೊದಲು ಮೀರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಕಲಿತರು. ಈಗ ಇದನ್ನು ಕೇಳುವ ಕಡೆಯಿಂದ ಯೋಚಿಸಿ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ದಾಸರ ಪದ ಎಂದರೆ ಕಿವಿಗೆ ಬೀಳುವುದು ಬಹುಪಾಲು ಭೀಮಸೇನ ಜೋಶಿಯವರ ದನಿ, ವಚನ ಎಂದರೆ ಮನಸೂರರ ದನಿ. ವಿಠಲನ ಭಕ್ತಿ ಒಂದು ಕಡೆ, ಕೂಡಲಸಂಗನ ಭಕ್ತಿ ಇನ್ನೊಂದು ಕಡೆ, ಎರಡೂ ನಮ್ಮ ಕಾಲದ ಕನ್ನಡಿಗರನ್ನು ತಲುಪಿದ್ದು ಬೇರೆ ಸೀಮೆಯಿಂದ ಬಂದ ಮುಸಲ್ಮಾನ ಉಸ್ತಾದರು ತಿದ್ದಿದ ಪರಂಪರೆಯ ಕಂಠಗಳ ಮೂಲಕ. ಇದನ್ನು ಸೌಹಾರ್ದದ ಭಾಷಣಕ್ಕೆ ಉದಾಹರಣೆಯಾಗಿ ಹೇಳುತ್ತಿಲ್ಲ. ಇದು ನಮ್ಮ ಭಕ್ತಿಸಂಗೀತದ ಹುಟ್ಟಿನ ವಿವರ, ಇದನ್ನು ಬಿಟ್ಟರೆ ಆ ಸಂಗೀತದ ಅರ್ಧ ಚರಿತ್ರೆ ಇಲ್ಲವಾಗುತ್ತದೆ.

ಇಲ್ಲಿ ಶ್ರದ್ಧಾವಂತರು ಒಂದು ಪ್ರಶ್ನೆ ಎತ್ತುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಸ್ವರ ಕಲಿಸಬಹುದು, ಭಕ್ತಿಯನ್ನು ಹೇಗೆ ಕಲಿಸುತ್ತಾರೆ? ನಮ್ಮ ದೇವರನ್ನು ನಂಬದವರು ನಮ್ಮ ದೇವರ ಹಾಡನ್ನು ಹೇಳಿಕೊಟ್ಟರೆ ಮಗುವಿಗೆ ದಕ್ಕುವುದು ದೇಹ ಮಾತ್ರ, ಪ್ರಾಣ ದಕ್ಕುವುದಿಲ್ಲ ಎನ್ನುವುದು ಆಕ್ಷೇಪ. ಹಾನಗಲ್ ಕುಮಾರಸ್ವಾಮಿಗಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ ಎನ್ನಲಾಗದು. 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರವನ್ನು ಕಟ್ಟಿದವರು, ವೀರಶೈವ ಆಚಾರದಲ್ಲಿ ಕಟ್ಟುನಿಟ್ಟಾದವರು ಅವರು. ಅವರ ಆಶ್ರಯದಲ್ಲಿ ಬೆಳೆದ ಅಂಧ ಬಾಲಕ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಮೈಸೂರಿನ ಕಡೆಯ ಕರ್ನಾಟಕ ಸಂಗೀತವನ್ನೂ ನೀಲಕಂಠಬುವಾ ಅವರ ಹಿಂದೂಸ್ತಾನಿಯನ್ನೂ ಕಲಿತದ್ದಲ್ಲದೆ, ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲೂ ಶಿಷ್ಯವೃತ್ತಿ ಮಾಡಿದರು. ಮಠದ ಮಗ ಉಸ್ತಾದರ ಮುಂದೆ ಕೂತದ್ದರಿಂದ ಅವನ ಲಿಂಗನಿಷ್ಠೆ ಸಡಿಲವಾಗಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಆ ನಿಷ್ಠೆಯ ಮೇಲೆಯೇ ನಿಂತಿತು, ನೂರಾರು ಅಂಧ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಕೊಟ್ಟಿತು. ಭಕ್ತಿ ಶಿಷ್ಯನದು, ಅದನ್ನು ಅವನು ಮನೆಯಿಂದ, ಮಠದಿಂದ, ತನ್ನ ಬದುಕಿನಿಂದ ತಂದುಕೊಳ್ಳುತ್ತಾನೆ. ಗುರು ಕೊಡುವುದು ಆ ಭಕ್ತಿ ಸುಳ್ಳಾಗದೆ ಹೊರಗೆ ಬರಲು ಬೇಕಾದ ದಾರಿ.

ಆ ದಾರಿಯ ಬೆಲೆಯನ್ನು ನಾವು ಕಡಿಮೆ ಕಟ್ಟುತ್ತೇವೆ. ಪಾಠದ ಮೊದಲ ಗಳಿಗೆಯನ್ನೇ ತೆಗೆದುಕೊಳ್ಳಿ. ಮೇಷ್ಟ್ರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಇರುವ ನೂಲಿನ ಎಳೆಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಹಿಂದಕ್ಕೆ, ಮುಂದಕ್ಕೆ ಸರಿಸುತ್ತಾರೆ. ಒಂದು ಕಡೆ ದನಿ ಸತ್ತಂತೆ ಕೇಳುತ್ತದೆ, ಒಂದು ಕಡೆ ಕಿರುಗುಟ್ಟುತ್ತದೆ, ನಡುವೆ ಒಂದೇ ಒಂದು ಜಾಗದಲ್ಲಿ ತಂತಿ ತುಂಬಿಕೊಂಡು ಮೊಳಗುತ್ತದೆ. ಆಮೇಲೆ ಮಗುವಿಗೆ ಷಡ್ಜ ಹಿಡಿ ಎನ್ನುತ್ತಾರೆ. ಮಗು ಹಿಡಿದದ್ದು ಸರಿಯಿಲ್ಲ ಎಂದು ಹೇಳುವ ಅಧಿಕಾರ ಅಲ್ಲಿ ಮೇಷ್ಟ್ರಿಗೂ ಪೂರ್ತಿ ಇಲ್ಲ, ತಂಬೂರಿಯೇ ಹೇಳುತ್ತದೆ. ಕೂಡದ ಸ್ವರವನ್ನು ಕೂಡಿತು ಎಂದು ಸುಳ್ಳು ಹೇಳಿಕೊಳ್ಳಲು ಯಾರಿಗೂ ಬಾರದು. ದಿನಾ ಬೆಳಿಗ್ಗೆ ಒಂದು ಗಂಟೆ, ವರ್ಷಗಟ್ಟಲೆ, ತನ್ನ ದನಿ ಇಷ್ಟವಾಯಿತೋ ಇಲ್ಲವೋ ಎನ್ನುವುದನ್ನು ಬದಿಗಿಟ್ಟು ಸರಿಯೋ ತಪ್ಪೋ ಎಂದು ಕೇಳಿಕೊಳ್ಳುವ ಅಭ್ಯಾಸ ಇದು. ಬ್ರಹ್ಮಗಿರಿಯ ಬಂಡೆ ಸತ್ಯ ನುಡಿಯುವುದನ್ನೂ ಗುರುಗೌರವವನ್ನೂ ಅಕ್ಕಪಕ್ಕ ಇಟ್ಟದ್ದರ ಅರ್ಥ ಇಲ್ಲಿ ನನಗೆ ಸ್ಪಷ್ಟವಾಗುತ್ತದೆ. ಹೀಗೆ ತಿದ್ದಿಸಿಕೊಂಡ ಕಂಠದಲ್ಲಿ ದೇವರ ಹೆಸರು ಬಂದಾಗ ಅದರಲ್ಲಿ ತೋರಿಕೆ ಕಡಿಮೆ ಇರುತ್ತದೆ. ಅದನ್ನು ತಿದ್ದಿದವರ ದೇವರು ಯಾರು ಎಂದು ವಿಚಾರಿಸುವುದು ಅನಗತ್ಯ, ಅವರೂ ಯಾರಿಗೋ ತಲೆಬಾಗಿ ಇದನ್ನು ಕಲಿತವರು ಎಂಬುದು ಸಾಕು.

ಎರಡನೆಯ ಆಕ್ಷೇಪ ದುಡ್ಡಿನದು, ಇದು ಈ ನೆಲದ್ದೇ ಸಾಹಿತ್ಯದಿಂದ ಬಲ ಪಡೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ. ಸುಬ್ಬರಾಯರು 1952ರಲ್ಲಿ ಬರೆದ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ ಚಿತ್ರದುರ್ಗ ಸೀಮೆಯ ಗಾಯಕ. ದೊರೆಯ ಅಪ್ಪಣೆಗೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡವನು. ಜಿ.ವಿ. ಅಯ್ಯರ್ ಅವರ 1975ರ ಸಿನಿಮಾದ ಮೂಲಕ ಈ ಚಿತ್ರ ಇನ್ನಷ್ಟು ಮನೆಗಳಿಗೆ ಹೋಯಿತು. ಇದನ್ನು ಓದಿ ನೋಡಿ ಬೆಳೆದವರಿಗೆ ನಾದ ದೇವರಿಗೆ ಮಾತ್ರ ಮೀಸಲು, ಅದಕ್ಕೆ ಬೆಲೆ ಕಟ್ಟಿದರೆ ಅಪಚಾರ ಎನ್ನುವ ಭಾವನೆ ರಕ್ತದಲ್ಲಿ ಇಳಿದಿದೆ. ಹಾಗಿದ್ದರೆ ಫೀಸು ತೆಗೆದುಕೊಂಡು ಪಾಠ ಹೇಳುವ ಮೇಷ್ಟ್ರು ನಾದದ ವ್ಯಾಪಾರಿಯಲ್ಲವೇ? ಅಲ್ಲ ಎನ್ನುತ್ತೇನೆ. ವೆಂಕಟಸುಬ್ಬಯ್ಯ ತಿರಸ್ಕರಿಸಿದ್ದು ಅಪ್ಪಣೆಯನ್ನು. ಅಪ್ಪಣೆ ಬೇರೆ, ಕೂಲಿ ಬೇರೆ. ಅಪ್ಪಣೆ ಕೊಡುವವನು ಹಾಡುವವನ ಇಚ್ಛೆಯನ್ನೇ ಕೊಳ್ಳುತ್ತಾನೆ, ಕೂಲಿ ಕೊಡುವವನು ಅವನ ಹೊತ್ತಿಗೂ ದುಡಿಮೆಗೂ ಸಲ್ಲಬೇಕಾದ್ದನ್ನು ಸಲ್ಲಿಸುತ್ತಾನೆ. ಕೂಲಿ ಇಲ್ಲದೆ ಕಲಿಸು ಎಂದರೆ ಆ ಮನುಷ್ಯ ಇನ್ನೊಬ್ಬರ ಕೃಪೆಯಲ್ಲಿ ಬದುಕಬೇಕಾಗುತ್ತದೆ, ಕೃಪೆ ಮಾಡಿದವರ ಮನೆಯ ಮದುವೆಗೂ ನಾಮಕರಣಕ್ಕೂ ಕರೆದಾಗೆಲ್ಲ ಹೋಗಿ ಹಾಡಬೇಕಾಗುತ್ತದೆ. ಕೂಲಿಯ ಹಕ್ಕೇ ಅವರನ್ನು ಅಪ್ಪಣೆಯಿಂದ ಪಾರು ಮಾಡುವುದು. ಇನ್ನೊಂದು ಮಾತು. ಊರಿನಲ್ಲೇ ಹುಟ್ಟಿದವರಿಗೆ ಎರಡು ಎಕರೆ ಶೇಂಗಾ ಹೊಲ ಇದ್ದೀತು, ಅಣ್ಣತಮ್ಮಂದಿರು ಇದ್ದಾರು. ಅವರು ಸೇವೆಯೆಂದು ಬಿಟ್ಟಿ ಕಲಿಸಿದರೂ ಒಲೆ ಉರಿಯುತ್ತದೆ. ಹೊರಗಿನಿಂದ ಬಂದವರಿಗೆ ಹೊಲವೂ ಇಲ್ಲ, ನಂಟರೂ ಇಲ್ಲ, ಬಾಡಿಗೆ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ವಿದ್ಯೆಗೆ ಬೆಲೆ ಇಲ್ಲ ಎನ್ನುವ ಆದರ್ಶ ಭೂಮಿ ಇದ್ದವರಿಗೆ ಸುಲಭವಾದ ಆದರ್ಶ.

ಈ ಆದರ್ಶಕ್ಕೆ ಎದುರಾಗಿ ಚಳ್ಳಕೆರೆ ಸೀಮೆ ಇನ್ನೊಂದು ಧರ್ಮವಾಕ್ಯವನ್ನು ಕಾಪಾಡಿಕೊಂಡು ಬಂದಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೂಡ ಬೇರೆಡೆಯಿಂದ ಬಂದು ಅಲ್ಲಿ ನಿಂತವರು. ಮಾರಮ್ಮನ ಗುಡಿಯಲ್ಲಿ ಇಳಿದುಕೊಳ್ಳಲು ಜಾಗ ಕೇಳಿದರು ಎಂದು ಕಥೆ ಹೇಳುತ್ತದೆ. ಈ ಮಳೆ ಕಾಣದ ನೆಲದಲ್ಲಿ ಐದು ಕೆರೆ ಕಟ್ಟಿಸಿದರು ಎಂದು ಜನ ನೆನೆಯುತ್ತಾರೆ. ಕೆರೆ ಕೆಲಸಕ್ಕೆ ಬಂದವರು ಸಂಜೆ ಮರಳಿನ ಗುಡ್ಡೆ ಮಾಡಿದರೆ ಅದರೊಳಗೆ ಅವರವರು ದುಡಿದಷ್ಟೇ ಕೂಲಿ ಸಿಗುತ್ತಿತ್ತಂತೆ, ಮೈಗಳ್ಳರಿಗೆ ಕಡಿಮೆ, ಬೆವರು ಸುರಿಸಿದವರಿಗೆ ಹೆಚ್ಚು. ಮಾಡಿದಷ್ಟು ನೀಡು ಭಿಕ್ಷೆ ಎನ್ನುವ ಅವರ ಉಪದೇಶ ಇವತ್ತಿಗೂ ಫಾಲ್ಗುಣದ ತೇರಿಗೆ ಸೇರುವ ಲಕ್ಷಾಂತರ ಜನರ ನಾಲಗೆಯ ಮೇಲಿದೆ. ಇದರ ಧಾರ್ಮಿಕ ತೂಕವನ್ನು ನಾವು ಸರಿಯಾಗಿ ಅಳೆದಿಲ್ಲ. ಭಿಕ್ಷೆಯಂಥ ಭಿಕ್ಷೆಯನ್ನೂ ದುಡಿಮೆಗೆ ಕಟ್ಟಿಹಾಕಿದ ಮಾತು ಅದು. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನ ನಿಲುವೂ ಇದೇ: ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದ ಆ ಶರಣ, ಗುರುವಿಗೂ ಜಂಗಮನಿಗೂ ಕಾಯಕದಿಂದ ವಿನಾಯಿತಿ ಇಲ್ಲ ಎಂದ. ಗುರುವೂ ದುಡಿಯಬೇಕು ಎನ್ನುವ ಧರ್ಮದಲ್ಲಿ, ದುಡಿದ ಗುರುವಿಗೆ ಕೂಲಿ ಸಲ್ಲಬೇಕು ಎನ್ನುವುದು ತಾನಾಗಿ ಬರುತ್ತದೆ. ಸಂಗೀತದ ಪಾಠವನ್ನು ಮರಳಿನ ಗುಡ್ಡೆಯಂತೆ ಅಳೆಯಲು ಬರುತ್ತದೆಯೇ ಎಂದು ಕೇಳಬಹುದು. ಶಿಷ್ಯನ ಪ್ರತಿಭೆಯನ್ನು ಅಳೆಯಲಾಗದು, ಪರೀಕ್ಷೆಯ ಅಂಕ ಸುಳ್ಳು ಹೇಳುತ್ತದೆ. ಕೊಟ್ಟ ಹೊತ್ತನ್ನು ಅಳೆಯಬಹುದು. ಆ ಹೊತ್ತಿನ ಲೆಕ್ಕ ತೀರಿದ ಮೇಲೂ ಋಣ ಉಳಿಯುತ್ತದೆ, ಅದು ನಿಜ. ಉಳಿದ ಋಣಕ್ಕೆ ಗೌರವ, ಪ್ರೀತಿ, ಮುಂದಿನವರಿಗೆ ಕಲಿಸುವುದು ಇವೆಲ್ಲ ಇವೆ. ಮೊದಲ ಲೆಕ್ಕವನ್ನೇ ತೀರಿಸದೆ ಎರಡನೆಯದಕ್ಕೆ ಕೈಮುಗಿಯುವುದನ್ನು ನಾನು ಗುರುಭಕ್ತಿ ಎನ್ನಲಾರೆ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ಈ ಸೀಮೆಗೆ ಹಾಡಿನ ಬರ ಇತ್ತೇ, ಹೊರಗಿನವರು ಬಂದು ಕಲಿಸಲು? ಗೊಲ್ಲರಹಟ್ಟಿಗಳಲ್ಲಿ ಎತ್ತಪ್ಪ, ಜುಂಜಪ್ಪರ ಕಾವ್ಯವಿದೆ, ಮ್ಯಾಸಬೇಡರ ಹಟ್ಟಿಗಳಲ್ಲಿ ಗಾದ್ರಿ ಪಾಲನಾಯಕನ ಕಥೆಯಿದೆ, ಉರುಮೆಯ ದನಿಯಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಸರಳೆವರಸೆ ಬಲ್ಲವರಿಗೆ ಮಾತ್ರ ಗುರು ಎಂಬ ಹೆಸರು ಕೊಟ್ಟು, ಬೀಸುವ ಕಲ್ಲಿನ ಮುಂದೆ, ಸೋಬಾನೆಯ ಚಪ್ಪರದಲ್ಲಿ ಕಲಿಸಿದ ಅಜ್ಜಿಯರನ್ನು ಹೊರಗಿಡುವುದು ಅನ್ಯಾಯ. ಹೊರಗಿನಿಂದ ಬಂದದ್ದೆಲ್ಲ ಕೊಡಲೆಂದೇ ಬಂದದ್ದಲ್ಲ ಎನ್ನುವುದೂ ಈ ಜನಕ್ಕೆ ಗೊತ್ತು: ವಿಜ್ಞಾನ ಸಂಸ್ಥೆಗಳು ಬಂದಾಗ ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗೆ ಬೇಲಿ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಇದು ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ ಎಂದೂ ಹೇಳುತ್ತೇನೆ. ಗುರುತ್ವ ಪರಂಪರೆಯಿಂದ ಬರುವುದಾದರೆ ಘರಾಣೆಯ ಹೆಸರು ಇಲ್ಲದ ಸಿರಿಯಜ್ಜಿ ಗುರುವಾಗಲಾರರು. ಶ್ರಮದಿಂದ ಬರುವುದಾದರೆ ಅವರಷ್ಟು ದೊಡ್ಡ ಗುರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಹನೂರಿನಿಂದ ಬಂದ, ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಕೃಷ್ಣಮೂರ್ತಿ ಹನೂರು ಸಿರಿಯಜ್ಜಿಯ ಮುಂದೆ ಕೂತು ಕೇಳಿ ಆ ಹಾಡುಗಳನ್ನು ಬರೆದು ಪುಸ್ತಕ ಮಾಡಿದರು. ಕಲಿಸಲು ಕಲಿತ ಮನುಷ್ಯ ಅಲ್ಲಿ ಶಿಷ್ಯನ ಜಾಗದಲ್ಲಿ ಕೂತರು. ಹೊರಗಿನಿಂದ ಬಂದವರು ಗುರುವೋ ಅಲ್ಲವೋ ಎಂದು ತಿಳಿಯಲು ಅವರು ಈ ಊರಿನಲ್ಲಿ ಯಾರ ಮುಂದಾದರೂ ಶಿಷ್ಯರಾಗಿ ಕೂತಿದ್ದಾರೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಉಸ್ತಾದರೂ ಇದಕ್ಕೆ ಹೊರತಲ್ಲ: ಅಬ್ದುಲ್ ಕರೀಮ್ ಖಾನರು ದಕ್ಷಿಣದ ಸಂಗೀತಕ್ಕೆ ಕಿವಿಗೊಟ್ಟು ತ್ಯಾಗರಾಜರ ಕೃತಿಯನ್ನು ಕಲಿತು ಗ್ರಾಮಫೋನ್ ತಟ್ಟೆಗೂ ಹಾಡಿದರು.

ಹೀಗೆ ಯೋಚಿಸಿದರೆ ಮಾಡಬೇಕಾದ ಕೆಲಸ ಪೂಜೆಗಿಂತ ಸರಳವಾಗಿ ಕಾಣುತ್ತದೆ. ಪೋಷಕರು ತಿಂಗಳ ಮೊದಲ ವಾರದಲ್ಲಿ ಫೀಸು ಕೊಡುವುದು. ಮೇಷ್ಟ್ರ ಮನೆದೇವರು ಯಾರೆಂದು ಕೇಳಿ ಬಾಡಿಗೆ ಮನೆ ಕೊಡುವ ರೂಢಿಯನ್ನು ಬಿಡುವುದು. ಮಗುವಿಗೆ ಆಯುಧಪೂಜೆಯ ದಿನ ತಂಬೂರಿಗೆ ಹೂವಿಡಲು ಕಲಿಸುವಂತೆಯೇ, ಮೇಷ್ಟ್ರ ಮನೆಯ ಹಬ್ಬ ರಂಜಾನೋ ಕ್ರಿಸ್‌ಮಸ್ಸೋ ಆಗಿದ್ದರೆ ಅಂದು ಹೋಗಿ ನಮಸ್ಕಾರ ಹೇಳಿ ಬರಲು ಕಲಿಸುವುದು. ಕಾಲೇಜುಗಳಿಗೆ ಇನ್ನೂ ಸ್ಪಷ್ಟವಾದ ಕೆಲಸವಿದೆ. ಈ ಎರಡು ತಾಲ್ಲೂಕುಗಳ ಕಾಲೇಜುಗಳಲ್ಲಿ ರಾಗ ಹೇಳಿಕೊಡುವವರನ್ನು ಕರೆಸುವಾಗ, ಅದೇ ಕೋಣೆಗೆ, ಅದೇ ವಾರದಲ್ಲಿ, ಹಟ್ಟಿಯಲ್ಲಿ ಹಾಡು ಕಟ್ಟುವ ಹೆಣ್ಣುಮಕ್ಕಳನ್ನೂ ಉರುಮೆ ಬಾರಿಸುವವರನ್ನೂ ಪಾಠಕ್ಕೆ ಕರೆಸಬೇಕು. ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಹಾಡಿಸಿ ಶಾಲು ಹೊದಿಸಿ ಕಳಿಸುವುದು ಪಾಠವಲ್ಲ. ಅವರ ಒಂದು ಗಂಟೆಗೂ ರಾಗದ ಮೇಷ್ಟ್ರ ಒಂದು ಗಂಟೆಗೂ ಒಂದೇ ದರ ನಿಗದಿಯಾಗಬೇಕು, ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರೂ ಅಧ್ಯಾಪಕರ ಪಟ್ಟಿಯಲ್ಲೇ ಬರಬೇಕು.